ಅಣ್ಣ ನನ್ನ ಶಂಭುವನ್ನು ಕೊಂದುಬಿಟ್ಟ

ಪ್ರಶ್ನೆ: ನಾನು ಬೆಟಗೇರಿಯವನು, ವಯಸ್ಸು 34. ಅಣ್ಣ ಹುಬ್ಬಳ್ಳಿಯಲ್ಲಿದ್ದಾನೆ. ಚಿಕ್ಕವರಿದ್ದಾಗ ಅಪ್ಪನ ಹಳೆಯ ಕೀರ್ದಿ ಪುಸ್ತಕದಲ್ಲಿ ಇಬ್ಬರೂ ಸೇರಿ ಒಂದು ಬಾಹ್ಯಾಕಾಶ ಯುದ್ಧದ ಕಥೆ ಬರೆದಿದ್ದೆವು. ಭೂಮಿಯ ಪಡೆಗೆ ಕಮಾಂಡರ್ ರುದ್ರ, ಅದು ಅಣ್ಣನ ಪಾತ್ರ. ಮಂಗಳ ಗ್ರಹದ ಪಡೆಗೆ ರುದ್ರನ ತಮ್ಮ ಶಂಭು, ಅದು ನನ್ನದು. ಈಗ ಅಣ್ಣ ಅದನ್ನೇ ಕಾದಂಬರಿ ಮಾಡಿದ್ದಾನೆ. ಮುಂದಿನ ತಿಂಗಳು ಅಚ್ಚಿಗೆ ಹೋಗುತ್ತದೆ. ಅದರಲ್ಲಿ ಶಂಭುವನ್ನು ದ್ರೋಹಿ ಅಂತ ರುದ್ರ ಕೊಲ್ಲಿಸುತ್ತಾನೆ. ನನ್ನನ್ನು ಒಂದು ಮಾತು ಕೇಳಿಲ್ಲ, ನನ್ನ ಹೆಸರು ಎಲ್ಲೂ ಇಲ್ಲ. ಎರಡು ತಿಂಗಳಿಂದ ಮಾತು ಬಿಟ್ಟಿದ್ದೇನೆ. ಧಾರವಾಡದಲ್ಲಿ ವಕೀಲರಾಗಿರುವ ಮಾವ ನೋಟಿಸ್ ಕಳಿಸು ಅಂತಾರೆ. ಅವ್ವ, 'ಒಂದ್ ಕಥಿ ಸಲುವಾಗಿ ಯಾರರ ಜಗಳಾ ಮಾಡ್ತಾರೇನು' ಅಂತಾಳೆ. ಕೊನೆಯ ಎರಡು ಅಧ್ಯಾಯ, ಕೀರ್ದಿಯ ಕೆಲವು ಪುಟಗಳ ಫೋಟೊ ಕಳಿಸಿದ್ದೇನೆ. ಏನು ಮಾಡಲಿ?
— ಹೆಸರು ಬೇಡ, ಗದಗ

ಉತ್ತರ: ಅವ್ವನ ಮೇಲೆ ಬೇಜಾರು ಮಾಡ್ಕೋಬೇಡಿ. ಆದರೆ ಈ ವಿಷಯದಲ್ಲಿ ಅವರ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಚಿಕ್ಕಂದಿನಲ್ಲಿ ಇಬ್ಬರೂ ಕೂತು ಕಟ್ಟಿದ್ದು ಒಬ್ಬರ ಹೆಸರಲ್ಲಿ ಹೊರಗೆ ಬಂದರೆ ಹೊಟ್ಟೆಯಲ್ಲಿ ಸಂಕಟ ಆಗೇ ಆಗುತ್ತದೆ.

ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ಪುಟದ ಮೇಲೆ ಅಪ್ಪನ ಲೆಕ್ಕ: ನೂಲು ಇಷ್ಟು, ಸೀರೆ ಇಷ್ಟು, ಬಾಕಿ ಇಷ್ಟು. ಖಾಲಿ ಉಳಿದ ಕಡೆಯೆಲ್ಲ ಅಣ್ಣನ ನೀಲಿ ಅಕ್ಷರ, ನಿಮ್ಮ ಕೆಂಪು ಅಕ್ಷರ. ಒಂದು ಕಡೆ ನೀಲಿಯಲ್ಲಿ 'ರುದ್ರನ ಆಜ್ಞೆ ಕೂಡಲೇ ಮಂಗಳಕ್ಕೆ ಮುಟ್ಟಿತು' ಅಂತಿದೆ. 'ಕೂಡಲೇ' ಮೇಲೆ ಕೆಂಪು ಗೀಟು. ಕಾಗದ ಹರಿಯುವಷ್ಟು ಜೋರಾಗಿ ಎಳೆದಿದ್ದೀರಿ! ಪಕ್ಕದಲ್ಲಿ ನಿಮ್ಮ ಅಕ್ಷರ: 'ಆಗೂದಿಲ್ಲ. 20 ನಿಮಿಷ ಬೇಕು.'

ನೀವು ಬರೆದದ್ದು ಸರಿ. ರೇಡಿಯೊ ಸಂದೇಶ ಬೆಳಕಿನ ವೇಗದಲ್ಲೇ ಹೋದರೂ ಭೂಮಿಯಿಂದ ಮಂಗಳಕ್ಕೆ ಮುಟ್ಟಲು, ಎರಡೂ ಹತ್ತಿರ ಇದ್ದಾಗ ಸುಮಾರು 3 ನಿಮಿಷ, ತೀರ ದೂರ ಇದ್ದಾಗ ಸುಮಾರು 22 ನಿಮಿಷ ಹಿಡಿಯುತ್ತದೆ.

ಈಗ ಕೊನೆಯ ಅಧ್ಯಾಯಕ್ಕೆ ಬರೋಣ. ಶಂಭು ಸತ್ತ ಪುಟಕ್ಕೇ ನೀವು ಓದು ನಿಲ್ಲಿಸಿದ್ದೀರಿ ಅಂತ ನನಗೆ ಅನುಮಾನ. ಅದಾದ ಮೇಲೆ ಇನ್ನೂ ನಾಲ್ಕು ಪುಟ ಇವೆ. ರುದ್ರ ಭೂಮಿಯಿಂದ 'ಹೊಡೆಯಿರಿ' ಅಂತ ಆಜ್ಞೆ ಕಳಿಸುತ್ತಾನೆ. ಅದೇ ಹೊತ್ತಿಗೆ ಮಂಗಳದಿಂದ ಶಂಭು 'ಯುದ್ಧ ಸಾಕು, ಮನೆಗೆ ಬರುತ್ತಿದ್ದೇನೆ' ಅಂತ ಹೇಳಿ ಕಳಿಸುತ್ತಾನೆ. ಎರಡು ಮಾತೂ ದಾರಿಯಲ್ಲಿ ಎದುರುಬದುರಾಗಿ ಹಾದುಹೋಗುತ್ತವೆ. ತಮ್ಮನ ಮಾತು ಮುಟ್ಟಿದಾಗ ತಮ್ಮ ಇಲ್ಲ. ಆ ಧ್ವನಿಯನ್ನು ರುದ್ರ ಮತ್ತೆ ಮತ್ತೆ ಹಾಕಿ ಕೇಳುತ್ತಾ ಕೂರುತ್ತಾನೆ. ಶಂಭು ದ್ರೋಹಿ ಅಲ್ಲವೇ ಅಲ್ಲ. ರುದ್ರನಿಗೆ ಹಾಗೆ ಕಂಡ, ಅಷ್ಟೇ. ದಯವಿಟ್ಟು ಆ ನಾಲ್ಕು ಪುಟ ಓದಿ.

ಅಂದರೆ ಇಡೀ ಕಾದಂಬರಿ ನಿಂತಿರುವುದೇ ನಿಮ್ಮ ಕೆಂಪು ಗೀಟಿನ ಮೇಲೆ. ಅಣ್ಣ ನಿಮ್ಮನ್ನು ಮರೆತಿಲ್ಲ ಅನ್ನೋದು ಇದರಲ್ಲೇ ಗೊತ್ತಾಗುತ್ತದೆ. ಹಾಗಂತ ಅವರು ಮಾಡಿದ್ದು ಸರಿ ಅಂತ ನಾನು ಹೇಳಲ್ಲ. ಕಥೆಯೊಳಗೆ ಎಷ್ಟು ಪ್ರೀತಿ ಇದ್ದರೂ ಪುಸ್ತಕದ ಮೇಲೆ ಹೆಸರು ಬೇಕು. ಹಸ್ತಪ್ರತಿ ಮುಗಿದ ದಿನವೇ ನಿಮಗೆ ಫೋನ್ ಮಾಡಬೇಕಿತ್ತು. ಅದು ಅವರ ತಪ್ಪು.

ಮಾವ ಕಾನೂನು ಗೊತ್ತಿದ್ದೇ ಹೇಳಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಬರೀ ಐಡಿಯಾಕ್ಕೆ ಹಕ್ಕು ಸಿಗುವುದಿಲ್ಲ, ಬರೆದಿಟ್ಟ ಬರಹಕ್ಕೆ ಸಿಗುತ್ತದೆ. ಅದಕ್ಕೆ ನೋಂದಣಿಯೂ ಕಡ್ಡಾಯವಲ್ಲ. ಇಬ್ಬರು ಬೇರೆ ಮಾಡಲಾಗದಂತೆ ಸೇರಿ ಬರೆದಿದ್ದರೆ ಇಬ್ಬರೂ ಲೇಖಕರೇ. ಕೀರ್ದಿ ಹಾಗಾಗಿ ಸಣ್ಣ ಸಾಕ್ಷಿಯಲ್ಲ. ಆದರೆ ನೋಟಿಸ್ ಈಗ ಬೇಡ. ವಕೀಲರ ಲಕೋಟೆ ಮನೆಗೆ ಬಂದ ದಿನ ಅಣ್ಣನೂ ರುದ್ರನ ಹಾಗೆ ತಪ್ಪು ತಿಳಿಯುತ್ತಾರೆ. ಆಮೇಲೆ ಅದನ್ನು ತಿದ್ದುವುದು ಬಹಳ ಕಷ್ಟ.

ನೀವು ಹುಬ್ಬಳ್ಳಿ ಬಸ್ಸು ಹತ್ತಿದರೆ ದಾರಿಯಲ್ಲಿ ಅಣ್ಣಿಗೇರಿ ಸಿಗುತ್ತದಲ್ವಾ? ಪಂಪನ ತಾಯಿ ಅಬ್ಬಣಬ್ಬೆಯ ಮನೆತನದ ನಂಟು ಆ ಊರಿನದು. ಅದು ನಮಗೆ ತಿಳಿದದ್ದು ಪಂಪನ ತಮ್ಮ ಜಿನವಲ್ಲಭನಿಂದ. ಈಗಿನ ತೆಲಂಗಾಣದ ಕುರ್ಕ್ಯಾಲದ ಬಳಿ ಬಂಡೆಯ ಮೇಲೆ ಕನ್ನಡ, ಸಂಸ್ಕೃತ, ತೆಲುಗು ಮೂರರಲ್ಲೂ ಅವನು ಶಾಸನ ಬರೆಸಿದ. ಭರತ-ಬಾಹುಬಲಿಯರ ಕಾಳಗವನ್ನು 941ರಲ್ಲಿ ಆದಿಪುರಾಣದಲ್ಲಿ ಹಾಡಿದ್ದು ಅಣ್ಣ. ಆ ಅಣ್ಣನ ಕುಲ, ಊರು, ಹೆಸರು ಕಲ್ಲಿಗೆ ಹತ್ತಿಸಿದ್ದು ತಮ್ಮ. ಒಂದೇ ಬಂಡೆಯ ಮೇಲೆ ಇಬ್ಬರ ಹೆಸರೂ ಇದೆ. ನನಗೆ ಈ ಅಣ್ಣ-ತಮ್ಮಂದಿರ ಮೇಲೆ ಮೊದಲಿಂದಲೂ ಅಕ್ಕರೆ. ಇದನ್ನು ಅಣ್ಣನಿಗೂ ಹೇಳಿ.

ಏನು ಕೇಳಬೇಕು ಅಂದರೆ, ಮುಖಪುಟದಲ್ಲಿ ಅವರ ಹೆಸರಿರಲಿ. ಅಷ್ಟೂ ಅಧ್ಯಾಯ ಕೂತು ಬರೆದವರು ಅವರು. ಆದರೆ ತೆರೆದ ಕೂಡಲೇ ಕಾಣುವ ಪುಟದಲ್ಲಿ, ಈ ಲೋಕವನ್ನು ಇಬ್ಬರೂ ಸೇರಿ ಕಟ್ಟಿದ್ದು ಅಂತ ನಿಮ್ಮ ಹೆಸರು ಹಾಕಿ ಬರೆಯಬೇಕು. ಸುಮ್ನೆ 'ಸಹಕರಿಸಿದ ತಮ್ಮನಿಗೆ' ಅಂದರೆ ಒಪ್ಪಬೇಡಿ. ಕೆಂಪು ಅಕ್ಷರದ ಸಾಲುಗಳು ಹಾಗೇ ಕಾದಂಬರಿಯಲ್ಲಿ ಜಾಸ್ತಿ ಬಂದಿದ್ದರೆ ಮುಖಪುಟದಲ್ಲೂ ನಿಮ್ಮ ಹೆಸರು ಕೇಳಿ, ಹಿಂಜರಿಯಬೇಡಿ. ಶಂಭುವನ್ನು ಬದುಕಿಸು ಅಂತ ಮಾತ್ರ ಕೇಳಬೇಡಿ. ಆ ಸಾವು ಅಲ್ಲಿ ಬೇಕು, ನಿಮ್ಮ ನಿಯಮಕ್ಕೇ ಬೇಕು. ಮಂಗಳದ ಕಡೆಯಿಂದ ಈ ಯುದ್ಧ ಹೇಗಿತ್ತು ಅನ್ನೋದನ್ನು ಇನ್ನೂ ಯಾರೂ ಬರೆದಿಲ್ಲ. ಅದು ನಿಮ್ಮಿಂದಲೇ ಆಗಬೇಕು.

ಫೋನಲ್ಲಿ ಬೇಡ, ವೈನಿಯ ಮೂಲಕವೂ ಬೇಡ. ಅಚ್ಚಿಗೆ ಹೋಗಲು ಒಂದೇ ತಿಂಗಳಿದೆ, ಈ ಭಾನುವಾರವೇ ಹೊರಡಿ. ಹೋಗುವ ಮುಂಚೆ ಇಡೀ ಕೀರ್ದಿ ಜೆರಾಕ್ಸ್ ಮಾಡಿಸಿ ಅವ್ವನ ಹತ್ತಿರ ಇಡಿ. ಮೂಲ ಪುಸ್ತಕ ನಿಮ್ಮ ಚೀಲದಲ್ಲಿರಲಿ. ಅಲ್ಲಿ ಮೊದಲು ಊಟ ಆಗಲಿ. ಆಮೇಲೆ 'ಕೂಡಲೇ' ಹೊಡೆದುಹಾಕಿದ ಆ ಪುಟ ತೆಗೆದು ಅಣ್ಣನ ಮುಂದೆ ಇಡಿ.