ಹುಣಸೆ ಬೀಜದ ಸಿಪ್ಪೆಯ ಸಾರ ಲಿನ್28 ಪ್ರೋಟೀನನ್ನು ತಡೆಯುತ್ತದೆಯೇ?

ಲಿನ್28 ಎಂಬುದು ಲೆಟ್-7 ಎಂಬ ಪುಟ್ಟ ಆರ್‌ಎನ್‌ಎ ಪಕ್ವವಾಗದಂತೆ ತಡೆಯುವ ಪ್ರೋಟೀನ್. ಹೊಳೆಯುವ ಬಣ್ಣ ಕಟ್ಟಿದ ಆರ್‌ಎನ್‌ಎ ತುಂಡಿಗೆ (ಪ್ರೋಬ್) ಅದು ಅಂಟಿದಾಗ ಪೋಲರೈಸೇಷನ್ ಎಂಬ ಅಂಕಿ ಏರುತ್ತದೆ. ತುಮಕೂರಿನ ಹುಣಸೆ ಬೀಜದ ಸಿಪ್ಪೆಯ ಸಾರ ಹಾಕಿದರೆ ಆ ಅಂಕಿ ಬೀಳುತ್ತದೆ, ಇನ್ಹಿಬಿಟರ್ (ತಡೆಯುವ ವಸ್ತು) ಸಿಕ್ಕಿತೇ ಎಂದು ಕೇಳಿದ್ದೀರಿ. ಇಷ್ಟಕ್ಕೇ ಹಾಗನ್ನಬೇಡಿ. ಆ ಸಿಪ್ಪೆ ತುಂಬ ಒಗರು ಕೊಡುವ ಟ್ಯಾನಿನ್ ಇದೆ. ಅದು ಪ್ರೋಟೀನನ್ನು ಗರಣೆ ಕಟ್ಟಿಸುತ್ತದೆ, ಲೋಹವನ್ನೂ ಕಸಿಯುತ್ತದೆ. ಲಿನ್28ಕ್ಕೆ ಈ ಎರಡನೆಯದೇ ಪೆಟ್ಟು. ಪ್ರೀ-ಲೆಟ್-7ರ (ಲೆಟ್-7ರ ಅಪಕ್ವ ರೂಪ) ಜಿಜಿಎಜಿ ಎಂಬ ಅಕ್ಷರಸಾಲಿನ ಭಾಗವನ್ನು ಹಿಡಿಯುವ ಲಿನ್28ರ ಎರಡು ಪುಟ್ಟ ಗಂಟುಗಳಾದ ಜಿಂಕ್ ನಕಲ್‌ಗಳ ಮಡಿಕೆ ನಿಂತಿರುವುದೇ ಸತುವಿನ ಮೇಲೆ. 2018ರಲ್ಲಿ ಲಿನ್28 ಇನ್ಹಿಬಿಟರ್ ಎಂದು ವರದಿಯಾದ ಟಿಪಿಇಎನ್ ಎಂಬ ರಾಸಾಯನಿಕ ಮಾಡುವುದು ಇದನ್ನೇ, ಸತು ಕಸಿಯುವುದು. ಜೊತೆಗೆ ವರದಿಯಾದ ಎಲ್ಐ71 ಎಂಬ ಅಣು ಮಾತ್ರ ಲಿನ್28ರ ಇನ್ನೊಂದು ಭಾಗವಾದ ಕೋಲ್ಡ್ ಶಾಕ್ ಡೊಮೈನಿಗೆ ಅಂಟುತ್ತದೆ.

ಮೊದಲು ಒಟ್ಟು ಫ್ಲೋರೆಸೆನ್ಸ್ ನೋಡಿ. ಕಂದು ಸಾರ 485 ನ್ಯಾನೋಮೀಟರ್ ಬೆಳಕನ್ನು ನುಂಗುತ್ತದೆ; ಸಾರದ ಬದಲು ಡಿಎಂಎಸ್ಒ ದ್ರಾವಕವಷ್ಟೇ ಇರುವ ಬಾವಿಗಿಂತ (ಪ್ಲೇಟಿನ ಗುಂಡಿ) 15%ಕ್ಕೂ ಹೆಚ್ಚು ವ್ಯತ್ಯಾಸವಿದ್ದರೆ ಆ ಅಂಕಿಯನ್ನು ನಾನಂತೂ ನಂಬುವುದಿಲ್ಲ. ಪ್ರೋಟೀನಿಲ್ಲದೆ ಆರ್‌ಎನ್‌ಎ ಮತ್ತು ಸಾರ ಮಾತ್ರ ಇರುವ ಬಾವಿಯೂ ಬೇಕು. ಅಲ್ಲಿಯೂ ಅಂಕಿ ಬರೀ ಆರ್‌ಎನ್‌ಎಯದಕ್ಕಿಂತ ಕೆಳಗಿಳಿದರೆ ಸಾರದಲ್ಲಿನ ಆರ್‌ಎನ್‌ಏಸ್ ಎಂಬ ಕಿಣ್ವ ನಿಮ್ಮ ಪ್ರೋಬನ್ನು ಕತ್ತರಿಸುತ್ತಿರಬಹುದು. ಯೂರಿಯಾ ಜೆಲ್‌ನಲ್ಲಿ ಓಡಿಸಿದರೆ ತುಂಡುಗಳು ಕಾಣುತ್ತವೆ.

ಟ್ಯಾನಿನ್ ತೆಗೆಯಲು 1 ಮಿಲಿ ನೀರಿನಲ್ಲಿ 100 ಮಿಲಿಗ್ರಾಂ ಪಿವಿಪಿಪಿ (ಟ್ಯಾನಿನ್ ಹಿಡಿಯುವ ಪುಡಿ) ಕಲಸಿ, 1 ಮಿಲಿ ಸಾರ ಸೇರಿಸಿ ವೋರ್ಟೆಕ್ಸ್ ಮಾಡಿ. 4 ಡಿಗ್ರಿಯಲ್ಲಿ 15 ನಿಮಿಷ ಇಟ್ಟು, 3000 ಜಿಯಲ್ಲಿ 10 ನಿಮಿಷ ಸುತ್ತಿಸಿ ಮೇಲಿನ ದ್ರವ ಬಳಸಿ. ಸಾರ ಅರ್ಧಕ್ಕೆ ತೆಳುವಾಗಿರುತ್ತದೆ, ಹೋಲಿಕೆಯ ಸಾರಕ್ಕೂ ಅಷ್ಟೇ ನೀರು ಬೆರೆಸಿ. ಇದಾದ ಮೇಲೆ ಪರಿಣಾಮ ಮಾಯವಾದರೆ ಕಥೆ ಮುಗಿಯಿತು.

ಉಳಿದರೆ ಸತುವಿನ ಪರೀಕ್ಷೆ. ಬಫರ್ ಹೆಪಿಸ್ ಇರಲಿ. ಫಾಸ್ಫೇಟ್ ಆದರೆ ಸತು ತಳ ಸೇರುತ್ತದೆ. ಇಡಿಟಿಎ ಬೇಡ, ಡಿಟಿಟಿಯೂ ಸತುವನ್ನು ಹಿಡಿಯುವುದರಿಂದ ಅದರ ಬದಲು ಟಿಸೆಪ್ ಹಾಕಿ. 0.01% ಟ್ರೈಟಾನ್ (ಮಾರ್ಜಕ), 5 ನ್ಯಾನೋಮೋಲಾರ್ ಪ್ರೋಬ್. ಪ್ರೋಟೀನ್, ಪ್ರೋಬಿನ 70–80% ಹಿಡಿದಿರುವಷ್ಟು. ಅದಕ್ಕಿಂತ ಹೆಚ್ಚಿದ್ದರೆ ದುರ್ಬಲ ತಡೆ ಕಾಣುವುದೇ ಇಲ್ಲ. ಸಾರದ ಬಾವಿಗೂ, 10 ಮೈಕ್ರೋಮೋಲಾರ್ ಟಿಪಿಇಎನ್ ಬಾವಿಗೂ 50 ಮೈಕ್ರೋಮೋಲಾರ್ ಜಿಂಕ್ ಕ್ಲೋರೈಡ್ ಹಾಕಿ. ಸತು ಮಾತ್ರ ಹಾಕಿದ ಬಾವಿಯೂ ಇರಲಿ, ಹೆಚ್ಚಾದ ಸತುವೇ ಪ್ರೋಟೀನನ್ನು ಕೆಡಿಸಬಹುದು. ಟಿಪಿಇಎನ್ ಬಾವಿಯಲ್ಲಿ ಅಂಕಿ ಮೇಲೇಳದಿದ್ದರೆ ನಿಮ್ಮ ಪರೀಕ್ಷೆಯೇ ಸರಿಯಿಲ್ಲ. ಅಲ್ಲಿ ಎದ್ದು, ಸಾರದ ಬಾವಿಯಲ್ಲೂ ಎದ್ದರೆ ನಿಮ್ಮದು ಸತು ಕಸಿಯುವ ಸರಕು.

ಇಷ್ಟೆಲ್ಲ ದಾಟಿದರೂ ಸಾರವನ್ನು ಇನ್ಹಿಬಿಟರ್ ಎನ್ನಲಾಗದು. ಅಣುವನ್ನು ಬೇರ್ಪಡಿಸಿ, ಜೆಲ್ ಶಿಫ್ಟ್ (ಪ್ರೋಟೀನ್ ಅಂಟಿದ ಆರ್‌ಎನ್‌ಎ ಜೆಲ್‌ನಲ್ಲಿ ನಿಧಾನ ಓಡುವುದನ್ನು ನೋಡುವ ಪರೀಕ್ಷೆ) ಮಾಡಿ, ನಂತರ ಲಿನ್28ರ ಸೋದರ ಪ್ರೋಟೀನ್ ಲಿನ್28ಬಿ ಇರುವ ಕೆ562 ಎಂಬ ರಕ್ತಕ್ಯಾನ್ಸರ್ ಕೋಶಗಳಿಗೆ ಹೋಗಿ. ಅಲ್ಲಿ ಪಕ್ವ ಲೆಟ್-7 ಏರಬೇಕು, ಹೋಲಿಕೆಗಿಟ್ಟ ಇನ್ನೊಂದು ಪುಟ್ಟ ಆರ್‌ಎನ್‌ಎ ಮಿಆರ್-16 ಅಲುಗಬಾರದು.