ಕೆಮ್ಮು ಘಾಟಿಗೋ, ಕಾಯಿಲೆಗೋ? ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೆಮ್ಮಿನವೇ. ಆಶ್ಚರ್ಯವೇನಿಲ್ಲ ಬಿಡಿ. ಸಂಕ್ರಾಂತಿ ದಾಟಿತು ಅಂದರೆ ನಮ್ಮ ಕಡೆ ಬೆಳಗಿನ ಚಳಿ, ಮಧ್ಯಾಹ್ನದ ಬಿಸಿಲು, ಹುಬ್ಬಳ್ಳಿಯ ಧೂಳು ಎಲ್ಲ ಕೂಡಿಯೇ ಬರುತ್ತವೆ, ಫ್ಲೂ ಕೂಡ ಜನವರಿ-ಮಾರ್ಚ್‌ನಲ್ಲಿ ಒಂದು ಸುತ್ತು ಹೊಡೆದು ಹೋಗುತ್ತದೆ. ಪತ್ರ ಓದುತ್ತಾ ಒಂದು ವಿಷಯ ಎದ್ದು ಕಂಡಿತು. ಬಹಳ ಜನ ಯಾವುದೋ ಒಂದು ಪರೀಕ್ಷೆ ಮಾಡಿಸಿ ರಿಪೋರ್ಟ್ ಕೈಯಲ್ಲಿ ಹಿಡಿದು ಕೂತಿದ್ದಾರೆ. ಆದರೆ ಆ ಪರೀಕ್ಷೆಯಿಂದ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ ಅಂತ ಅವರಿಗೆ ಯಾರೂ ಹೇಳಿದಂತಿಲ್ಲ.

ಬ್ಯಾಡಗಿಯಿಂದ ಒಬ್ಬರು: ವಯಸ್ಸು 46, ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಹಮಾಲಿ ಕೆಲಸ. ತಿಂಗಳ ಮೇಲಾಯ್ತು, ಕೆಮ್ಮು ನಿಂತಿಲ್ಲ. ಸಂಜೆ ಮೈ ಬಿಸಿಯಾಗುತ್ತದೆ, ಪ್ಯಾಂಟ್ ಸಡಿಲ ಆಗಿದೆ. ಎಲ್ಲರೂ ‘ಘಾಟಿಗೆ ಹಂಗ ಆಗ್ತದ’ ಅಂತಾರೆ. ಒಂದು ಕಡೆ ಎಕ್ಸ್‌ರೇ ತೆಗೆದು ಮಚ್ಚೆ ಇದೆ ಅಂದರು. ಒಂದು ಲ್ಯಾಬ್‌ನಲ್ಲಿ ಟಿಬಿಗೆ ಅಂತ ರಕ್ತ ತೆಗೆದು ಪಾಸಿಟಿವ್ ಅಂದರು. ಕಫ ಪರೀಕ್ಷೆ ಮಾತ್ರ ನೆಗೆಟಿವ್. ಯಾವುದನ್ನ ನಂಬಲಿ ಡಾಕ್ಟ್ರೇ?

ಮೊದಲು ಘಾಟಿನ ಮಾತು ಮುಗಿಸೋಣ. ಘಾಟಿಗೆ ಕೆಮ್ಮು ಬರುವುದು ಸುಳ್ಳಲ್ಲ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಉಸಿರು ದಾರಿಯ ನರಗಳನ್ನು ನೇರವಾಗಿ ಕೆಣಕುತ್ತದೆ. ಎಷ್ಟು ಅಂದರೆ, ಕೆಮ್ಮಿನ ಮೇಲೆ ಸಂಶೋಧನೆ ಮಾಡುವವರು ಲ್ಯಾಬ್‌ನಲ್ಲಿ ಜನರಿಗೆ ಕ್ಯಾಪ್ಸೈಸಿನ್ ಬೆರೆಸಿದ ಹನಿಗಾಳಿ ಎಳೆಸಿಯೇ ಕೆಮ್ಮು ಎಷ್ಟು ಬೇಗ ಬರುತ್ತದೆ ಅಂತ ಅಳೆಯುತ್ತಾರೆ. (ಬ್ಯಾಡಗಿ ಕಾಯಿಗೆ ಖಾರಕ್ಕಿಂತ ಬಣ್ಣ ಜಾಸ್ತಿ ಅನ್ನೋದು ನಿಜ, ಆದರೆ ಚೀಲ ಕೊಡವುವವನ ಮೂಗಿಗೆ ಆ ಲೆಕ್ಕ ಗೊತ್ತಿರುವುದಿಲ್ಲ.) ಆದರೆ ಬರೀ ಘಾಟಿನ ಕೆಮ್ಮು ಮಾರ್ಕೆಟ್ ಬಿಟ್ಟು ಬಂದ ಮೇಲೆ ಇಳಿಯಬೇಕು, ರಜೆ ಇದ್ದ ದಿನ ಕಡಿಮೆ ಇರಬೇಕು. ಘಾಟಿಗೆ ಸಂಜೆ ಜ್ವರ ಬರಲ್ಲ. ಪ್ಯಾಂಟೂ ಸಡಿಲ ಆಗಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಟಿಬಿ ಪರೀಕ್ಷೆ ಆಗಲೇಬೇಕು, ನಿಮ್ಮದು ಆ ಗಡಿ ದಾಟಿ ಎಷ್ಟೋ ದಿನ ಆಯ್ತು.

ಈಗ ರಕ್ತದ ರಿಪೋರ್ಟ್ ತೆಗೆದು ನೋಡಿ. ಅದರಲ್ಲಿ ಐಜಿಜಿ, ಐಜಿಎಂ (ರೋಗಾಣುವಿನ ವಿರುದ್ಧ ಮೈ ತಯಾರಿಸುವ ಪ್ರತಿಕಾಯಗಳು) ಅಂತ ಬರೆದಿದ್ದರೆ ಅದನ್ನು ಮಡಚಿ ಪಕ್ಕಕ್ಕಿಡಿ. ಟಿಬಿ ಇಲ್ಲದವರಿಗೆ ಇದೆ ಅಂತಲೂ, ಇದ್ದವರಿಗೆ ಇಲ್ಲ ಅಂತಲೂ ಹೇಳುವ ಪರೀಕ್ಷೆ ಅದು. ಅದನ್ನು ಬಳಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಹೇಳಿತು, ಭಾರತ ಸರ್ಕಾರ 2012ರಲ್ಲಿ ನಿಷೇಧವನ್ನೇ ಹಾಕಿತು. ಇಷ್ಟು ವರ್ಷದ ಮೇಲೂ ಯಾರಾದರೂ ಅದಕ್ಕೆ ದುಡ್ಡು ತಗೊಳ್ಳುತ್ತಿದ್ದರೆ ನನಗೆ ಸಿಟ್ಟೇ ಬರುತ್ತದೆ. ರಿಪೋರ್ಟ್‌ನಲ್ಲಿ ಇಗ್ರಾ ಅಂತ ಇದ್ದರೆ ಅದು ಬೇರೆ ರಕ್ತ ಪರೀಕ್ಷೆ, ಅದಕ್ಕೆ ನಿಷೇಧವಿಲ್ಲ. ಆದರೆ ಟಿಬಿ ರೋಗಾಣು ಯಾವತ್ತೋ ಒಮ್ಮೆ ಮೈಯೊಳಗೆ ಹೊಕ್ಕಿದೆ ಅಂತಷ್ಟೇ ಅದರಿಂದ ಗೊತ್ತಾಗುತ್ತದೆ. ನಮ್ಮ ದೇಶದಲ್ಲಿ ಹಾಗೆ ಹೊಕ್ಕಿಸಿಕೊಂಡು ಆರಾಮಾಗಿ ಓಡಾಡುವವರು ಕೋಟಿಗಟ್ಟಲೆ ಇದ್ದಾರೆ. ಈಗಿನ ನಿಮ್ಮ ಕೆಮ್ಮು ಟಿಬಿಯದೇ ಅಂತ ಅದರಿಂದ ಹೇಳಕ್ಕಾಗಲ್ಲ.

ಎಕ್ಸ್‌ರೇ ಜರಡಿ ಹಿಡಿಯುವ ಕೆಲಸ ಚೆನ್ನಾಗಿ ಮಾಡುತ್ತದೆ. 2019-21ರಲ್ಲಿ ದೇಶದಾದ್ಯಂತ ನಡೆದ ಟಿಬಿ ಸಮೀಕ್ಷೆಯಲ್ಲಿ ಎಕ್ಸ್‌ರೇ ಇಲ್ಲದೆ ಬರೀ ಲಕ್ಷಣ ಕೇಳಿಕೊಂಡು ಹೋಗಿದ್ದರೆ ಶೇ. 42.6ರಷ್ಟು ರೋಗಿಗಳು ಕೈತಪ್ಪುತ್ತಿದ್ದರು. ಆದರೆ ಮಚ್ಚೆ ನೋಡಿದ ಮಾತ್ರಕ್ಕೆ ಟಿಬಿ ಅನ್ನಲಾಗದು. ಹಳೇ ಗಾಯದ ಕಲೆಯೂ ಹಾಗೇ ಕಾಣಬಹುದು, ನ್ಯುಮೋನಿಯಾ ಕಾಣಬಹುದು, ಬೀಡಿ ಸೇದುವವರಲ್ಲಿ ಕ್ಯಾನ್ಸರ್ ಕೂಡ. ಯಾವುದು ಅಂತ ತೀರ್ಮಾನ ಮಾಡಬೇಕಾದ್ದು ಕಫವೇ.

ಹಾಗಾದರೆ ಕಫ ನೆಗೆಟಿವ್ ಬಂತಲ್ಲ ಅಂತೀರಿ. ಅದು ಮೈಕ್ರೋಸ್ಕೋಪ್ ಪರೀಕ್ಷೆ ಆಗಿದ್ದರೆ ಒಂದು ಮಿಲಿ ಕಫದಲ್ಲಿ ಐದು-ಹತ್ತು ಸಾವಿರ ರೋಗಾಣು ಇದ್ದಾಗ ಮಾತ್ರ ಕಣ್ಣಿಗೆ ಬೀಳುತ್ತವೆ. ಜರ್ಮನಿಯ ಡಾಕ್ಟರು ರಾಬರ್ಟ್ ಕಾಕ್ 1882ರಲ್ಲಿ ರೋಗಾಣು ತೋರಿಸಿಕೊಟ್ಟ ಕಾಲದಿಂದ ಹೆಚ್ಚು ಕಡಿಮೆ ಅದೇ ವಿಧಾನ. ಈಗ ಸಿಬಿನ್ಯಾಟ್ ಇದೆ, ಗೋವಾದ ಕಂಪನಿ ಮಾಡಿದ ಟ್ರೂನ್ಯಾಟ್ ಇದೆ. ನ್ಯಾಟ್ ಅನ್ನುವ ಬಗೆಯ ಈ ಪರೀಕ್ಷೆಗಳು ರೋಗಾಣುವಿನ ಡಿಎನ್‌ಎ ಹುಡುಕುತ್ತವೆ, ಮಿಲಿಗೆ ನೂರಿನ್ನೂರು ರೋಗಾಣು ಇದ್ದರೂ ಹಿಡಿಯುತ್ತವೆ. ಮುಖ್ಯ ಔಷಧ ರಿಫಾಂಪಿಸಿನ್ ನಾಟುತ್ತದೋ ಇಲ್ಲವೋ ಅನ್ನೋದೂ ಗೊತ್ತಾಗುತ್ತದೆ, ಅದೂ ಕೆಲವೇ ಗಂಟೆಯಲ್ಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಪುಕ್ಕಟೆ. ಬ್ಯಾಡಗಿ ತಾಲ್ಲೂಕು ಆಸ್ಪತ್ರೆಯಲ್ಲೇ ಕೇಳಿ. ‘ನನಗೆ ನ್ಯಾಟ್ ಪರೀಕ್ಷೆ ಆಗಬೇಕು’ ಅಂತ ಬಾಯಿ ಬಿಟ್ಟು ಹೇಳಿ.

ಆದರೆ ಎಂಥ ಯಂತ್ರವಾದರೂ ಡಬ್ಬಿಯಲ್ಲಿ ಕಫದ ಬದಲು ಉಗುಳು ಹಾಕಿ ಕೊಟ್ಟರೆ ಏನು ಮಾಡೀತು? ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಒಂದು ಅಧ್ಯಯನ ಆಯ್ತು, 2007ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕಫ ಹೇಗೆ ತೆಗೆಯಬೇಕು ಅಂತ ಹೆಣ್ಣುಮಕ್ಕಳಿಗೆ ನಾಲ್ಕು ಮಾತು ಹೇಳಿಕೊಟ್ಟರು, ಅಷ್ಟೇ. ಹೇಳಿಕೊಡದವರಲ್ಲಿ ಶೇ. 8 ಜನ ಪಾಸಿಟಿವ್ ಬಂದರೆ ಹೇಳಿಕೊಟ್ಟವರಲ್ಲಿ ಶೇ. 13. ಖರ್ಚು ಬಹಳ ಕಡಿಮೆ. ನನ್ನ ಮಟ್ಟಿಗೆ ಇದು ದೊಡ್ಡ ದೊಡ್ಡ ಯಂತ್ರಗಳಷ್ಟೇ ದೊಡ್ಡ ಸಂಶೋಧನೆ.

ಹಾಗಾಗಿ ಕೇಳಿ. ಬೆಳಗ್ಗೆ ಎದ್ದ ಕೂಡಲೇ, ಚಹಾ ಕುಡಿಯುವ ಮೊದಲು, ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಮನೆ ಹೊರಗೆ, ಗಾಳಿ ಆಡುವ ಕಡೆ ಒಬ್ಬರೇ ನಿಲ್ಲಿ. ಎರಡು-ಮೂರು ಸಲ ಉದ್ದಕ್ಕೆ ಉಸಿರು ಎಳೆದು ಸ್ವಲ್ಪ ಹಿಡಿದು ಬಿಡಿ, ಆಮೇಲೆ ಗಂಟಲಿನಿಂದ ಅಲ್ಲ, ಎದೆಯೊಳಗಿಂದ ಕೆಮ್ಮಿ ಸೀದಾ ಡಬ್ಬಿಗೆ ಹಾಕಿ. ಅರ್ಧ ಚಮಚದಷ್ಟಾದರೂ ಬೇಕು. ಡಬ್ಬಿ ಓರೆ ಮಾಡಿ ನೋಡಿ. ನೀರಿನ ಹಾಗೆ ಸರಕ್ಕನೆ ಹರಿದು ಮೇಲೆ ನೊರೆ ನಿಂತಿದ್ದರೆ ಅದು ಉಗುಳು, ಇನ್ನೊಮ್ಮೆ ಕೆಮ್ಮಿ. ಅಂಟಂಟಾಗಿ ನಿಧಾನ ಜಾರಿದರೆ ಸರಿ. ಮುಚ್ಚಳ ಬಿಗಿ ಮಾಡಿ ಅವತ್ತೇ ತಲುಪಿಸಿ, ಬೈಕ್ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡಬೇಡಿ.

ಮತ್ತೆ ಒಂದು ಮಾತು. ಫಲಿತಾಂಶ ಬರುವ ತನಕ ಲಿವೋಫ್ಲಾಕ್ಸಾಸಿನ್ ಅನ್ನುವ ಆಂಟಿಬಯೋಟಿಕ್ ಗುಳಿಗೆ ಸುಮ್ನೆ ನುಂಗಬೇಡಿ. ಅದು ಟಿಬಿಯನ್ನು ಅರ್ಧಂಬರ್ಧ ಅದುಮಿ ಇಡುತ್ತದೆ, ನಾಲ್ಕು ದಿನ ಆರಾಮ ಅನಿಸುತ್ತದೆ, ರೋಗ ಪತ್ತೆಯಾಗುವುದು ಮಾತ್ರ ಮುಂದೆ ಹೋಗುತ್ತದೆ.

ಧಾರವಾಡ ಸಪ್ತಾಪುರದಿಂದ ಒಬ್ಬ ವಿದ್ಯಾರ್ಥಿನಿ: ಕೆಎಎಸ್‌ಗೆ ಓದುತ್ತಿದ್ದೇನೆ. ನೆಗಡಿ ಆಗಿ 12 ದಿನ ಆಯ್ತು. ಜ್ವರ ಇಲ್ಲ, ಕೆಮ್ಮು ಹೋಗ್ತಿಲ್ಲ, ಕಫ ಹಳದಿ ಆಗಿದೆ. ಮೆಡಿಕಲ್ ಶಾಪ್‌ನವರು ಕೊಟ್ಟ ಅಜಿಥ್ರೋಮೈಸಿನ್ ಮೂರು ದಿನ ತಗೊಂಡೆ. ಇನ್ನೂ ಸ್ಟ್ರಾಂಗ್ ಆಂಟಿಬಯೋಟಿಕ್ ಬೇಕಾ?

ಬೇಡ ತಂಗಿ. ಮೊದಲನೆಯದೇ ಬೇಕಿರಲಿಲ್ಲ. ಹಿಂದಿನ ಹಲವು ಅಧ್ಯಯನಗಳನ್ನು ಕೂಡಿಸಿ ಅಮೆರಿಕದ ಸಂಶೋಧಕರು 2013ರಲ್ಲಿ ಲೆಕ್ಕ ಹಾಕಿದರು: ಸಾಮಾನ್ಯ ಕೆಮ್ಮು ಸರಾಸರಿ 17.8 ದಿನ ಇರುತ್ತದೆ. ಜನ ಎಷ್ಟು ದಿನ ಅಂದುಕೊಂಡಿರುತ್ತಾರೆ ಅಂತಲೂ ಕೇಳಿದರು, ಉತ್ತರ ಏಳರಿಂದ ಒಂಬತ್ತು ದಿನ. ಈ ನಡುವಿನ ದಿನಗಳಲ್ಲೇ ನೋಡಿ ಆಂಟಿಬಯೋಟಿಕ್ ವ್ಯಾಪಾರ ಎಲ್ಲ ನಡೆಯೋದು. ಹತ್ತನೇ ದಿನ ಗುಳಿಗೆ ತಗೊಂಡು ಹದಿನೆಂಟನೇ ದಿನ ಗುಣವಾದರೆ ಹೆಸರು ಗುಳಿಗೆಗೆ ಹೋಗುತ್ತದೆ, ಅಲ್ವಾ?

ಬಣ್ಣಕ್ಕೂ ಹೆದರಬೇಡಿ. ಸೋಂಕಿನ ಜೊತೆ ಹೊಡೆದಾಡುವ ಬಿಳಿ ರಕ್ತಕಣಗಳಲ್ಲಿ ಹಸಿರು ಬಣ್ಣದ ಒಂದು ಕಿಣ್ವ ಇರುತ್ತದೆ, ಹಳದಿ-ಹಸಿರು ಬರುವುದು ಅದರಿಂದ. ವೈರಸ್ ಇದ್ದರೂ ಬರುತ್ತದೆ. ಯುರೋಪಿನ 12 ದೇಶಗಳಲ್ಲಿ ಎದೆ ಸೋಂಕಿನ ಕೆಮ್ಮು ಇದ್ದ, ಆದರೆ ನ್ಯುಮೋನಿಯಾ ಅನುಮಾನ ಇಲ್ಲದ 2061 ಜನರ ಮೇಲೆ ಪ್ರಯೋಗ ಮಾಡಿದರು. ಅರ್ಧ ಜನಕ್ಕೆ ಅಮಾಕ್ಸಿಸಿಲಿನ್ ಆಂಟಿಬಯೋಟಿಕ್, ಉಳಿದವರಿಗೆ ಔಷಧವೇ ಇಲ್ಲದ ಗುಳಿಗೆ. ಗುಣವಾಗುವ ದಿನಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ವಾಕರಿಕೆ, ಭೇದಿ, ಮೈಮೇಲೆ ದದ್ದು ಮಾತ್ರ ಔಷಧ ತಿಂದವರಲ್ಲಿ ಜಾಸ್ತಿ.

ಎರಡು ವಾರ ದಾಟಿಯೂ ಹಾಗೇ ಇದ್ದರೆ ಕಫ ಪರೀಕ್ಷೆಗೆ ಕೊಡಿ, ಬ್ಯಾಡಗಿಯವರಿಗೆ ಬರೆದದ್ದೇ ನಿಮಗೂ. ಪಿಜಿಯಲ್ಲಿ ಒಂದೇ ರೂಮಿನಲ್ಲಿ ನಾಲ್ಕು ಜನ ಮಲಗುವವರು ಇದನ್ನು ಮುಂದೂಡಬಾರದು. ಅದಕ್ಕೂ ಮೊದಲೇ ಜ್ವರ, ದಮ್ಮು, ಎದೆ ನೋವು, ಕಫದಲ್ಲಿ ರಕ್ತ ಏನಾದರೂ ಕಂಡರೆ ಕೂಡಲೇ ಡಾಕ್ಟರ ಹತ್ತಿರ ಹೋಗಿ.

ಗದಗ-ಬೆಟಗೇರಿಯಿಂದ ಒಬ್ಬ ಅಜ್ಜಿ: ಮೊಮ್ಮಗುವಿಗೆ 8 ತಿಂಗಳು. ಕೆಮ್ಮು, ಗೊರಗೊರ ಸದ್ದು. ಡಾಕ್ಟರು ಬರೀ ಎದೆ ನೋಡಿ, ಗಡಿಯಾರ ಹಿಡಿದು ಕೂತರು, ಎಕ್ಸ್‌ರೇ ಬೇಡ ಅಂದರು. ಸರಿಯಾಗಿ ನೋಡಿದರೋ ಇಲ್ಲವೋ ಅಂತ ಮನಸ್ಸಿಗೆ ಸಮಾಧಾನ ಇಲ್ಲ.

ಅಮ್ಮಾ, ಗಡಿಯಾರ ಹಿಡಿದು ಕೂತರು ಅಂದರೆ ಸರಿಯಾಗಿಯೇ ನೋಡಿದ್ದಾರೆ. ಅವರು ಎಣಿಸಿದ್ದು ಉಸಿರು. 1980ರ ದಶಕದಲ್ಲಿ ಫ್ರಾಂಕ್ ಶಾನ್ ಅನ್ನುವ ಡಾಕ್ಟರು ಪಪುವಾ ನ್ಯೂಗಿನಿಯಲ್ಲಿ ಕೆಮ್ಮುವ ಮಕ್ಕಳನ್ನು ನೋಡುತ್ತಾ, ನ್ಯುಮೋನಿಯಾ ಗುರುತಿಸಲು ಎಕ್ಸ್‌ರೇ ಇಲ್ಲದ ಊರಲ್ಲೂ ಉಸಿರಿನ ವೇಗ ನೋಡಿದರೆ ದಾರಿ ಸಿಗುತ್ತದೆ ಅಂತ ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ನಿಯಮ ಬೆಳೆದದ್ದು ಅಂಥ ಕೆಲಸದಿಂದಲೇ. ನೀವೂ ಎಣಿಸಬಹುದು. ಕೂಸು ಮಲಗಿದಾಗ ಅಥವಾ ಶಾಂತವಾಗಿದ್ದಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಅಳುವಾಗ, ಹಾಲು ಕುಡಿದ ತಕ್ಷಣ ಬೇಡ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದೂ ಬೇಡ, ಕೂಸುಗಳ ಉಸಿರು ಒಂದೇ ಸಮ ಇರಲ್ಲ. ಎರಡು ತಿಂಗಳೊಳಗಿನ ಕೂಸಿಗೆ 60, ನಿಮ್ಮ ಮೊಮ್ಮಗುವಿನ ವಯಸ್ಸಿಗೆ 50, ಒಂದು ವರ್ಷ ತುಂಬಿ ಐದರೊಳಗಿನವರಿಗೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅವತ್ತೇ ತೋರಿಸಿ. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗೆ ಗುಂಡಿ ಬೀಳುತ್ತಿದ್ದರೆ, ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ ರಾತ್ರಿ ಎಷ್ಟೊತ್ತೇ ಆಗಿರಲಿ ದವಾಖಾನೆಗೆ ಕರೆದುಕೊಂಡು ಹೋಗಿ.

ಇನ್ನೊಂದು ಹೇಳ್ತೀನಿ, ಬೇಜಾರಾಗಬೇಡಿ. ಎರೆದ ಮೇಲೆ ಕೂಸಿಗೆ ಲೋಬಾನದ ಹೊಗೆ ಹಾಕುವ ರೂಢಿ ಇದ್ದರೆ ನಿಲ್ಲಿಸಿ. ಹೊಗೆ ಯಾವುದರದ್ದಾದರೂ ಆ ಪುಟ್ಟ ಎದೆಗೆ ಕೆಟ್ಟದ್ದೇ.

ಹುಬ್ಬಳ್ಳಿ ನವನಗರದಿಂದ ಒಬ್ಬರು: ಆರು ವರ್ಷದ ಮಗನಿಗೆ ನೆಗಡಿ-ಜ್ವರ ಬಂದಿತ್ತು. ಮೂಗಿನ ಸ್ವಾಬ್ ತೆಗೆದು ಇಪ್ಪತ್ತು ರೋಗಾಣುಗಳನ್ನು ಒಟ್ಟಿಗೆ ಹುಡುಕುವ ಪ್ಯಾನಲ್ ಪರೀಕ್ಷೆ ಮಾಡಿದರು. ರೈನೋವೈರಸ್ (ನೆಗಡಿ ತರುವ ವೈರಸ್), ನ್ಯುಮೋಕಾಕಸ್ (ನ್ಯುಮೋನಿಯಾ ತರಬಲ್ಲ ಬ್ಯಾಕ್ಟೀರಿಯಾ) ಎರಡೂ ಪಾಸಿಟಿವ್. ರಕ್ತ ಪರೀಕ್ಷೆಯಲ್ಲಿ ಸಿಆರ್‌ಪಿ 18. ಈಗ ಹುಡುಗ ಆಟ ಆಡ್ತಿದ್ದಾನೆ, ಆದರೂ ನ್ಯುಮೋಕಾಕಸ್‌ಗೆ ಔಷಧ ಕೊಡಬೇಕಾ?

ಆಟ ಆಡ್ತಿದ್ದಾನೆ ಅಂದಿರಲ್ಲ, ಸಾಕು. ರಿಪೋರ್ಟ್‌ಗೆ ಔಷಧ ಕೊಡುವುದು ಬೇಡ. ಪರ್ಚ್ ಅಂತ ಒಂದು ದೊಡ್ಡ ಅಧ್ಯಯನ ಆಫ್ರಿಕಾ, ಏಷ್ಯಾದ ಏಳು ದೇಶಗಳಲ್ಲಿ ನಡೆದು 2019ರಲ್ಲಿ ಪ್ರಕಟವಾಯಿತು. ನ್ಯುಮೋನಿಯಾ ಆದ ಮಕ್ಕಳ ಜೊತೆ ಅದೇ ಊರಿನ, ನ್ಯುಮೋನಿಯಾ ಇಲ್ಲದ ಮಕ್ಕಳ ಮೂಗನ್ನೂ ಪರೀಕ್ಷಿಸಿದರು. ಅವರಲ್ಲೂ ಅವೇ ರೋಗಾಣುಗಳು ಧಾರಾಳ ಸಿಕ್ಕವು! ನ್ಯುಮೋಕಾಕಸ್ ಅಂತೂ ಮಕ್ಕಳ ಮೂಗಿನಲ್ಲಿ ಸುಮ್ನೆ ವಾಸ ಮಾಡಿಕೊಂಡಿರುತ್ತದೆ. ಮೂಗಿನಲ್ಲಿ ಸಿಕ್ಕ ಮಾತ್ರಕ್ಕೆ ಎದೆಗೆ ಕಾಯಿಲೆ ತಂದದ್ದು ಅದೇ ಅಂತ ಹೇಳಲಾಗದು. ಆ ಅಧ್ಯಯನದ ಲೆಕ್ಕದಲ್ಲಿ ಮಕ್ಕಳ ಜೋರು ನ್ಯುಮೋನಿಯಾಕ್ಕೂ ಶೇ. 61ರಷ್ಟು ಕಾರಣ ವೈರಸ್‌ಗಳೇ, ಅದರಲ್ಲಿ ಉಸಿರು ದಾರಿಗೆ ತಗಲುವ ಆರ್‌ಎಸ್‌ವಿ ಎಂಬ ವೈರಸ್ ಒಂದರದೇ ಶೇ. 31.

ಸಿಆರ್‌ಪಿ ಉರಿಯೂತದ ಅಳತೆ, ರೋಗಾಣುವಿನ ಹೆಸರು ಅದಕ್ಕೆ ಗೊತ್ತಿಲ್ಲ. ಎದೆ ಸೋಂಕಿನ ಕೆಮ್ಮು ಇರುವ ದೊಡ್ಡವರಿಗೆ 20ಕ್ಕಿಂತ ಕಡಿಮೆ ಇದ್ದರೆ ಮಾಮೂಲಾಗಿ ಆಂಟಿಬಯೋಟಿಕ್ ಬೇಡ, 100 ದಾಟಿದರೆ ಕೊಡಿ ಅಂತ ಬ್ರಿಟನ್ನಿನಲ್ಲಿ 2014ರಲ್ಲಿ ಸಲಹೆ ಮಾಡಿದ್ದರು. ಸಾವಿರಾರು ರೂಪಾಯಿಯ ಪ್ಯಾನಲ್ ಐಸಿಯುನಲ್ಲಿ ಇರುವವರಿಗೆ ಉಪಯೋಗಕ್ಕೆ ಬರಬಹುದು. ನೆಗಡಿ ಆದ ಹುಡುಗನಿಗೆ ಯಾಕೆ ಮಾಡಿದರು ಅಂತ ಮಾಡಿಸಿದವರನ್ನೇ ಕೇಳಿ.

ರಾಣೆಬೆನ್ನೂರಿನಿಂದ: ಮನೆಯ ಆಕ್ಸಿಮೀಟರ್ ರಕ್ತದ ಆಕ್ಸಿಜನ್ ಒಮ್ಮೆ 89, ಒಮ್ಮೆ 97 ತೋರಿಸುತ್ತದೆ.

ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ, ಕೈ ಅಲುಗಿದರೆ ಹೀಗಾಗುತ್ತದೆ. ಕೈ ಉಜ್ಜಿ ಬಿಸಿ ಮಾಡಿ, ಒಂದು ನಿಮಿಷ ಅಲುಗಾಡದೆ ಕೂತು ನೋಡಿ. ಹಾಗೆ ನೋಡಿದರೂ 94ರ ಕೆಳಗೇ ನಿಂತರೆ ಡಾಕ್ಟರಿಗೆ ತೋರಿಸಿ. ಕಪ್ಪು ಮೈಬಣ್ಣದವರಲ್ಲಿ ಇದು ಇರುವುದಕ್ಕಿಂತ ಜಾಸ್ತಿ ತೋರಿಸುವುದುಂಟು ಅಂತ ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡಿದೆ, ಆದ್ದರಿಂದ ದಮ್ಮು ಬರುತ್ತಿದ್ದರೆ 97 ನೋಡಿ ಮನೆಯಲ್ಲೇ ಕೂರಬೇಡಿ.

ಲಕ್ಷ್ಮೇಶ್ವರದಿಂದ ಒಬ್ಬರು: ಯಜಮಾನರಿಗೆ ಟಿಬಿ ಅಂತ ಪತ್ತೆಯಾಗಿ ಗುಳಿಗೆ ಶುರುವಾಗಿದೆ. ತಟ್ಟೆ-ಲೋಟ ಬೇರೆ ಇಡಬೇಕು ಅಂತ ಅತ್ತೆ ಹೇಳ್ತಾರೆ.

ತಟ್ಟೆಯಿಂದ ಟಿಬಿ ಬರಲ್ಲ ಅಕ್ಕಾ, ಗಾಳಿಯಿಂದ ಬರುತ್ತದೆ. ತಟ್ಟೆ ಬೇರೆ ಮಾಡುವ ಬದಲು ಕಿಟಕಿ ತೆರೆದಿಡಿ, ಶುರುವಿನ ಕೆಲವು ವಾರ ಅವರು ಮಾಸ್ಕ್ ಹಾಕಲಿ. ಗುಳಿಗೆ ಆರು ತಿಂಗಳು, ನಡುವೆ ಬಿಡುವಂತಿಲ್ಲ. ಮನೆಯವರೆಲ್ಲ ಪರೀಕ್ಷೆ ಮಾಡಿಸಿ. ರೋಗ ಇಲ್ಲ ಅಂತ ಖಚಿತವಾದರೆ ಬರದಂತೆ ತಡೆಯುವ ಗುಳಿಗೆ ಕೊಡುತ್ತಾರೆ. ಊಟದ ಕಡೆಗೂ ಗಮನ ಇರಲಿ. ಜಾರ್ಖಂಡ್‌ನಲ್ಲಿ ರೋಗಿಗಳ ಮನೆಯವರಿಗೆ ತಿಂಗಳು ತಿಂಗಳು ಅಕ್ಕಿ-ಬೇಳೆ ಕೊಟ್ಟು ನೋಡಿದ ಅಧ್ಯಯನ 2023ರಲ್ಲಿ ಬಂತು. ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಶೇ. 39 ಕಡಿಮೆಯಾಗಿತ್ತು. ಪೋಷಣೆಗೆ ಅಂತ ಸರ್ಕಾರ ರೋಗಿಯ ಖಾತೆಗೆ ತಿಂಗಳಿಗೆ 1000 ರೂಪಾಯಿ ಹಾಕುತ್ತದೆ, ಖಾಸಗಿಯಲ್ಲಿ ಚಿಕಿತ್ಸೆ ನಡೆದಿದ್ದರೂ ಹೆಸರು ನೋಂದಣಿಯಾಗಿದ್ದರೆ ಸಿಗುತ್ತದೆ. ಮುಂದಿನ ಸಲ ಗುಳಿಗೆ ತರಲು ಹೋಗುವಾಗ ಯಜಮಾನರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಎರಡರ ಝೆರಾಕ್ಸ್ ಒಯ್ಯಿರಿ.