ಹಲ್ಲಿನ ಡಾಕ್ಟರು ಕಳಿಸಿದ ಕೇಸು

ನಾನು ಆತಂಕ, ಚಿಂತೆಗೆ ಮಾತಿನ ಚಿಕಿತ್ಸೆ ಕೊಡುವವಳು. ಇವರನ್ನು ನನ್ನ ಹತ್ತಿರ ಕಳಿಸಿದ್ದು ಹಲ್ಲಿನ ಡಾಕ್ಟರು. ನಿದ್ದೆಯಲ್ಲಿ ಹಲ್ಲು ಕಡಿದು ಕಡಿದು ಒಂದು ದವಡೆ ಹಲ್ಲು ಸೀಳಿತ್ತು. ರಾತ್ರಿ ಹಾಕಿಕೊಂಡು ಮಲಗೋಕೆ ನೈಟ್ ಗಾರ್ಡ್ ಕೊಟ್ಟ ಡಾಕ್ಟರು "ಟೆನ್ಷನ್ ಏನಾದ್ರೂ ಇದೆಯಾ?" ಅಂತ ಕೇಳಿದಾಗ ಇವರು ನಕ್ಕುಬಿಟ್ಟಿದ್ದರಂತೆ. ಎಂಟು ತಿಂಗಳಲ್ಲಿ ಆ ಗಾರ್ಡೂ ತೂತು ಬಿತ್ತು. ಆಗ ಬಂದರು. (ಗುರುತು ಸಿಗಬಾರದು ಅಂತ ಕೆಲಸ, ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ. ಬರೆಯೋಕೆ ಅವರ ಒಪ್ಪಿಗೆ ಇದೆ.)

ನಲವತ್ತರ ಹತ್ತಿರದ ವಯಸ್ಸು, ದೊಡ್ಡ ತಂಡ ನಡೆಸುವವರು. ಇಪ್ಪತ್ತು ನಿಮಿಷ ಮೊದಲೇ ಬಂದು ಕೂತಿದ್ದರು. ಕೈಯಲ್ಲಿ ಟೈಪ್ ಮಾಡಿದ ಒಂದು ಹಾಳೆ. ಸಮಸ್ಯೆ ಏನು, ಯಾವಾಗಿನಿಂದ, ಈವರೆಗೆ ಏನೇನು ಮಾಡಿ ನೋಡಿದ್ದೇನೆ, ಎಲ್ಲಕ್ಕೂ ತಲೆಬರಹ. "ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದೀರಿ" ಅಂದುಬಿಟ್ಟೆ. ಅದು ನನ್ನ ತಪ್ಪು, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಆತಂಕ ಎಷ್ಟಿದೆ ಅಂತ ಅಳೆಯುವ ಜಿಎಡಿ-7 ಪ್ರಶ್ನಾವಳಿ ಕೊಟ್ಟೆ. 7 ಪ್ರಶ್ನೆ ಇರುತ್ತವೆ, ಕಳೆದ 2 ವಾರದಲ್ಲಿ ಹೀಗೆ ಎಷ್ಟು ದಿನ ಕಾಡಿತು ಅಂತ ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 21. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನೂ ವಿವರವಾಗಿ ನೋಡಬೇಕು ಅಂತ ಅರ್ಥ. ಪೆನ್ ಕೈಗೆ ತಗೊಂಡವರೇ ಕೇಳಿದರು, "ಮೇಡಂ, ಸಾಮಾನ್ಯವಾಗಿ ಎಷ್ಟು ಬರಬೇಕು?" ಬಂದಿದ್ದು 6.

ಆ 6 ನೋಡಿ ಕಳಿಸಿಬಿಡಬಹುದಿತ್ತು. ಎಷ್ಟೋ ಜನ ಹಾಗೇ ವಾಪಸ್ ಹೋಗುತ್ತಾರೆ.

ಎರಡನೇ ಸಲ ಇವರ ಒಪ್ಪಿಗೆ ತಗೊಂಡು ಹೆಂಡತಿಯನ್ನೂ ಕರೆದೆ. ಆಕೆ ಹೇಳಿದ್ದು ಇಷ್ಟು: "ಭಾನುವಾರ ಸಂಜೆ ಆದರೆ ಇವರು ಮನೇಲಿರಲ್ಲ ಮೇಡಂ. ಮೈ ಇರುತ್ತೆ, ಅಷ್ಟೇ." ಬೆಳಗಿನ ಜಾವ ಮೂರಕ್ಕೆ ಎಚ್ಚರ. ಮಕ್ಕಳು ಲೋಟ ಉರುಳಿಸಿದರೆ ಸಿಡುಕು, ಹತ್ತು ನಿಮಿಷಕ್ಕೆ ಪಶ್ಚಾತ್ತಾಪ. ಇನ್ನೊಂದು, ಇಮೇಲ್ ಕಳಿಸಿದ ಮೇಲೆ ಸೆಂಟ್ ಫೋಲ್ಡರ್ ತೆರೆದು ಅದನ್ನೇ ಮತ್ತೆ ಮತ್ತೆ ಓದುವುದು. "ಹೋಗಿ ಆಗಿದ್ದನ್ನ ಓದಿ ಏನು ಮಾಡ್ತೀರಿ?" ಅಂತ ಆಕೆ ಎಷ್ಟೋ ಸಲ ಕೇಳಿದ್ದಾರಂತೆ. ಇವರು ಪಕ್ಕದಲ್ಲೇ ಕೂತು ನೀರಿನ ಬಾಟಲಿಯ ಲೇಬಲ್ಲನ್ನು ಉಗುರಲ್ಲಿ ಸುಲಿಯುತ್ತಿದ್ದರು. ಹರಿಯದ ಹಾಗೆ, ಮೂಲೆಯಿಂದ ನಿಧಾನಕ್ಕೆ.

ಪ್ರಶ್ನಾವಳಿಯಲ್ಲಿ ಅಷ್ಟೊಂದು ಸೊನ್ನೆ ಯಾಕೆ ಅಂತ ಕೇಳಿದೆ. "ಅದರಿಂದ ಕೆಲಸ ಯಾವತ್ತೂ ನಿಂತಿಲ್ವಲ್ಲ, ಅದಕ್ಕೇ" ಅಂದರು. 'ಕಾಡಿತಾ' ಅನ್ನೋದನ್ನು 'ಕೆಲಸ ಕೆಟ್ಟಿತಾ' ಅಂತ ಓದಿಕೊಂಡಿದ್ದರು. ಮತ್ತೆ ತುಂಬಿಸಿದಾಗ 14 ಬಂತು.

ಆತಂಕ ಅಂದರೆ ಜನ ಕಾಯುವುದು ನಡುಗುವ ಕೈಗೆ, ತಪ್ಪಿಹೋದ ಕೆಲಸಕ್ಕೆ. ಇಂಥವರಲ್ಲಿ ಅದು ಸಿಗುವುದಿಲ್ಲ. ಸಿಗುವುದು ಬಿಗಿದ ದವಡೆ, ಕುತ್ತಿಗೆ ನೋವು, ಕೆಟ್ಟ ಹೊಟ್ಟೆ, 'ಇಲ್ಲ' ಅನ್ನೋಕೆ ಬಾರದ ನಾಲಿಗೆ, ರಜೆಯ ಮೊದಲ ದಿನವೇ ತಲೆನೋವು. ತುಂಬಾ ಕಷ್ಟಪಟ್ಟು ಕೆಲಸ ಮಾಡುವವರಿಗೆಲ್ಲ ಆತಂಕ ಇದೆ ಅಂತಲ್ಲ. ಕೆಲಸ ಇಷ್ಟಪಟ್ಟು ಮಾಡುವವರೂ ತಡರಾತ್ರಿಯವರೆಗೆ ಕೂರುತ್ತಾರೆ, ಆದರೆ ಮುಗಿದ ಮೇಲೆ ಮುಗಿಯಿತು ಅಂತ ಅವರಿಗೆ ಅನಿಸುತ್ತದೆ. ಅದನ್ನು ತಿಳಿಯೋಕೆ ನಾನು ಕೇಳುವ ಪ್ರಶ್ನೆ ಒಂದೇ: ಹೋದ ಸಲ ದೊಡ್ಡದೇನೋ ಗೆದ್ದಿರಲ್ಲ, ಆ ಖುಷಿ ಎಷ್ಟು ಹೊತ್ತು ಇತ್ತು?

ಇವರು ಯೋಚಿಸಿದರು. ಪ್ರಮೋಷನ್ ಸುದ್ದಿ ಬಂದ ದಿನ. "ಲಿಫ್ಟ್ ಕೆಳಗೆ ಬರೋವರೆಗೆ." ಆಮೇಲೆ? "ಇನ್ಮೇಲೆ ಇವರಿಗೆಲ್ಲ ಗೊತ್ತಾಗಿಬಿಡುತ್ತೆ ಅನ್ನಿಸ್ತು." ಏನು ಗೊತ್ತಾಗುತ್ತೆ ಅಂದರೆ ಉತ್ತರ ಇಲ್ಲ. ಡಿಗ್ರಿ, ಹೆಸರು ಎಲ್ಲ ಇದ್ದೂ 'ಎಲ್ಲರಿಗೂ ಟೋಪಿ ಹಾಕುತ್ತಿದ್ದೇನೆ' ಅಂದುಕೊಳ್ಳುವವರ ಬಗ್ಗೆ ಪಾಲೀನ್ ಕ್ಲಾನ್ಸ್, ಸುಜಾನ್ ಐಮ್ಸ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞೆಯರು 1978ರಲ್ಲೇ ಬರೆದಿದ್ದರು. ಅಂದರೆ ಇವರೊಬ್ಬರದೇ ಗುಟ್ಟಲ್ಲ. ಇದನ್ನು ಹೇಳಿದಾಗ ಭುಜ ಸ್ವಲ್ಪ ಇಳಿಯಿತು.

ಬಾಲ್ಯದ ಬಗ್ಗೆಯೂ ಕೇಳಿದೆ. ವಿಲನ್ ಯಾರೂ ಸಿಗಲಿಲ್ಲ. ಮುಂದೆ ಹೋದೆವು.

'ಹೈ ಫಂಕ್ಷನಿಂಗ್ ಆಂಗ್ಸೈಟಿ' (ಕೆಲಸವೆಲ್ಲ ಸರಿಯಾಗಿ ನಡೆಯುತ್ತಿದ್ದರೂ ಒಳಗೇ ಇರುವ ಆತಂಕ) ಅಂತ ಈಗ ಎಲ್ಲ ಕಡೆ ಓಡಾಡುವ ಹೆಸರು ಕಾಯಿಲೆ ಗುರುತಿಸೋಕೆ ವೈದ್ಯರು ನೋಡುವ ಕೈಪಿಡಿಗಳಾದ ಡಿಎಸ್‌ಎಂ-5ರಲ್ಲೂ ಇಲ್ಲ, ಐಸಿಡಿ-11ರಲ್ಲೂ ಇಲ್ಲ. ಅಲ್ಲಿರುವುದು ಜನರಲೈಸ್ಡ್ ಆಂಗ್ಸೈಟಿ ಡಿಸಾರ್ಡರ್. ಡಿಎಸ್‌ಎಂ ಪ್ರಕಾರ ಕನಿಷ್ಠ 6 ತಿಂಗಳಿಂದ, ಹೆಚ್ಚಿನ ದಿನಗಳಲ್ಲಿ, ಹಿಡಿತಕ್ಕೆ ಸಿಗದ ಚಿಂತೆ ಇರಬೇಕು. ಇವರದು ವರ್ಷಗಳ ಕತೆ. ಆದರೂ ಮೊದಲು ಡಾಕ್ಟರ ಹತ್ತಿರ ಕಳಿಸಿದೆ, ಥೈರಾಯ್ಡ್ ಜಾಸ್ತಿಯಾದರೂ ಎದೆಬಡಿತ, ಚಡಪಡಿಕೆ, ನಿದ್ದೆಗೇಡು ಎಲ್ಲ ಹೀಗೇ ಇರುತ್ತದೆ. ರಿಪೋರ್ಟ್ ಸರಿ ಇತ್ತು. ಮನೋವೈದ್ಯರೂ ನೋಡಿದರು, ಸದ್ಯ ಮಾತ್ರೆ ಬೇಡ ಅಂದರು. ಚಿಂತೆ ಕಮ್ಮಿಯಾಗದಿದ್ದರೆ, ನಿದ್ದೆ ಪೂರ್ತಿ ಕೆಟ್ಟರೆ, ಸಾಯುವ ಯೋಚನೆ ಬಂದರೆ ಕಾಯದೆ ಅಲ್ಲಿಗೇ ಹೋಗಿ ಅಂತ ಮೊದಲೇ ಮಾತಾಗಿತ್ತು.

ಈಗ ನನ್ನ ತಪ್ಪು. ಚಿಂತೆಗಳನ್ನು ಬರೆದಿಡಿ ಅಂದಿದ್ದೆ. ಮೂರನೇ ವಾರ ಎಕ್ಸೆಲ್ ಶೀಟ್ ಬಂತು. ದಿನಾಂಕ, ತೀವ್ರತೆ, ಕೆಂಪು, ಹಳದಿ, ಹಸಿರು. ರಾತ್ರಿ ಹನ್ನೊಂದೂವರೆವರೆಗೆ ಕೂತು ಮಾಡಿದ್ದು. ನನ್ನ ಕೋಣೆಯೂ ಅವರಿಗೆ ಇನ್ನೊಂದು ಪರೀಕ್ಷೆ ಆಗಿತ್ತು, ಮೊದಲ ದಿನವೇ ಶಹಬ್ಬಾಸ್ ಅಂದವಳು ನಾನೇ ಅಲ್ವಾ! ಅದನ್ನು ಅವರಿಗೇ ಹೇಳಿದೆ. ಮುಂದಿನ ವಾರದ ಹೋಮ್‌ವರ್ಕ್ ಅರ್ಧಂಬರ್ಧ ಇರಬೇಕು, ಕೈಬರಹದಲ್ಲಿ, ಕಾಟು ಹೊಡೆದಿದ್ದರೂ ಪರವಾಗಿಲ್ಲ ಅಂದೆ. ಇಷ್ಟು ಕಷ್ಟದ ಕೆಲಸ ನೀವು ಕೊಟ್ಟೇ ಇರಲಿಲ್ಲ ಅಂದರು.

ಆಗ ಕೊಟ್ಟ ಮುಖ್ಯ ಸಲಹೆ ಇದು. ಏಳು ಸಲ ಓದಿ ಕಳಿಸುತ್ತೀರಿ, ಏನೂ ಎಡವಟ್ಟಾಗುವುದಿಲ್ಲ. ಏಳು ಸಲ ಓದಿದ್ದಕ್ಕೇ ಬಚಾವಾದೆ ಅಂತ ತಲೆ ಲೆಕ್ಕ ಹಾಕುತ್ತದೆ. ಒಂದೇ ಸಲ ಓದಿದ್ದರೆ ಏನಾಗುತ್ತಿತ್ತು ಅಂತ ತಿಳಿಯೋ ದಾರಿಯೇ ಮುಚ್ಚಿಹೋಗುತ್ತದೆ. ಸಿಬಿಟಿಯಲ್ಲಿ (ಯೋಚನೆ, ನಡವಳಿಕೆ ಬದಲಿಸಿಕೊಳ್ಳೋಕೆ ಕಲಿಸುವ ಮಾತಿನ ಚಿಕಿತ್ಸೆ) ಇದಕ್ಕೆ 'ಸೇಫ್ಟಿ ಬಿಹೇವಿಯರ್' ಅನ್ನುತ್ತಾರೆ. ನೀವು ಗೆದ್ದಾಗೆಲ್ಲ ಚಿಂತೆಗೇ ಸಂಬಳ ಜಾಸ್ತಿ ಆಗುತ್ತಿದೆ. ಹಾಗಾಗಿ ದಿನಕ್ಕೆ ಒಂದು ಸಣ್ಣ ಇಮೇಲ್, ಒಂದೇ ಸಲ ಓದಿ ಕಳಿಸಿ. ಕಳಿಸುವ ಮೊದಲು 'ಏನು ಕೆಟ್ಟದ್ದಾಗುತ್ತೆ' ಅಂತ ಚೀಟಿಯಲ್ಲಿ ಬರೆಯಿರಿ. ಸಂಜೆ ಏನಾಯಿತು ಅಂತ ಅದರ ಕೆಳಗೆ ಬರೆಯಿರಿ. ಸೆಂಟ್ ಫೋಲ್ಡರ್ ತೆರೆಯಬೇಡಿ.

ಹಗಲಲ್ಲಿ ಬರುವ ಚಿಂತೆಗೆ ಒಂದು ಟೈಮ್ ಕೊಟ್ಟೆವು, ಸಂಜೆ ಆರಕ್ಕೆ, ಇಪ್ಪತ್ತು ನಿಮಿಷ. ಬೇರೆ ಹೊತ್ತಲ್ಲಿ ಬಂದರೆ ಒಂದು ಸಾಲು ಗೀಚಿಟ್ಟು ಆರಕ್ಕೆ ನೋಡೋಣ ಅನ್ನಬೇಕು. ಆರಾಗುವ ಹೊತ್ತಿಗೆ ಅರ್ಧ ಸಾಲು ಇವರಿಗೇ ಬೋರಾಗಿರುತ್ತಿದ್ದವು. ಹೆಂಡತಿಗೂ ಒಂದು ಮಾತು ಹೇಳಿದೆ. "ಎಲ್ಲ ಸರಿ ಇದೆ ಅಲ್ವಾ?" ಅಂತ ಇವರು ಹತ್ತು ಸಲ ಕೇಳಿದರೆ ಹತ್ತು ಸಲವೂ ಸಮಾಧಾನ ಮಾಡಬೇಡಿ, "ಈಗ ಚಿಂತೆ ಮಾತಾಡ್ತಿದೆ ಅನ್ಸುತ್ತೆ" ಅಂತಷ್ಟೇ ಅನ್ನಿ.

ಆರನೇ ವಾರ ಮಡಚಿದ ಚೀಟಿ ತಂದರು. ಮೇಲೆ: 'ಬೇಜವಾಬ್ದಾರಿ ಅಂದುಕೊಳ್ಳುತ್ತಾರೆ.' ಆವತ್ತು ನಿಜವಾಗಿಯೂ ತಪ್ಪಾಗಿತ್ತು, ಫೈಲ್ ಅಟ್ಯಾಚ್ ಮಾಡೋಕೆ ಮರೆತಿದ್ದರು. ಮೇಲಿನವರಿಂದ 'ಫೈಲ್?' ಅಂತ ಒಂದೇ ಪದ ವಾಪಸ್ ಬಂತು. "ಒಂದು ಗಂಟೆ ಕೈ ತಣ್ಣಗಾಗಿತ್ತು ಮೇಡಂ. ಕಳಿಸಿದೆ. ಅವರು ಥ್ಯಾಂಕ್ಸ್ ಅಂದ್ರು." ಚೀಟಿಯ ಕೆಳಗೆ ಅದನ್ನೇ ಬರೆದಿದ್ದರು, ಅಕ್ಷರ ಕೆಟ್ಟದಾಗಿತ್ತು.

ನಾಲ್ಕು ತಿಂಗಳಾದ ಮೇಲೆ ಅಂಕ 7ಕ್ಕೆ ಇಳಿದಿತ್ತು. ದೊಡ್ಡ ಮೀಟಿಂಗ್ ಹಿಂದಿನ ರಾತ್ರಿ ಮೂರಕ್ಕೆ ಎಚ್ಚರ ಈಗಲೂ ಆಗುತ್ತದೆ. ಗಾರ್ಡ್ ಹಾಕಿಕೊಂಡೇ ಮಲಗುತ್ತಾರೆ, ಹೊಸದರ ಮೇಲೆ ಹಲ್ಲಿನ ಗುರುತು ಕಮ್ಮಿ ಇದೆ ಅಂದರಂತೆ ಡಾಕ್ಟರು.